ಲಾರಿಗೆ ಪುಲ್ಲಿಂಗೂ ಬೇಕು, ಮೈಲೇಜೂ ಬೇಕು: ಎಲ್ಲಿಂದ ಶುರು ಮಾಡಬೇಕು?

"ಗಾಡಿ ಎಳೀತಿಲ್ಲ ಅಣ್ಣ, ಡೀಸೆಲ್ ಮಾತ್ರ ಕುಡೀತಿದೆ. ಪಂಪ್ ಟೈಟ್ ಮಾಡಿಸ್ಲಾ, ಚಿಪ್ ಹಾಕಿಸ್ಲಾ?"

ಸ್ವಂತ ಲಾರಿ ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ಪಂಪ್ ಟೈಟ್ ಅಂದರೆ ಎಂಜಿನ್ನಿಗೆ ಹೋಗುವ ಡೀಸೆಲ್ ಜಾಸ್ತಿ ಮಾಡುವುದು, ಚಿಪ್ ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಆರು ಚಕ್ರ, ಹತ್ತು ಚಕ್ರ, ಹನ್ನೆರಡು ಚಕ್ರದ ಡೀಸೆಲ್ ಲಾರಿಯವರಿಗೆ ಇದು. ಹದಿನಾಲ್ಕು ಅಡಿಯ ಚಿಕ್ಕ ಗಾಡಿಗೂ ಹೆಚ್ಚುಕಮ್ಮಿ ಇದೇ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷ ಓಡಿದ ಲಾರಿಗೆ ಹೊಸದಾಗಿ ಪವರ್ ಸೇರಿಸುವ ಅಗತ್ಯ ತುಂಬಾ ಕಡಿಮೆ. ಕಂಪನಿಯಿಂದ ಬಂದ ಪವರ್ ಎಲ್ಲಿ ಸೋರಿಹೋಗುತ್ತಿದೆ ಅಂತ ಹುಡುಕುವುದೇ ಮುಖ್ಯ ಕೆಲಸ. ತೂತು ಬಿದ್ದ ಕೊಡಕ್ಕೆ ಇನ್ನೊಂದು ಬಿಂದಿಗೆ ನೀರು ಸುರಿದರೆ ಏನು ಬಂತು? ಸೋರಿಕೆ ನಿಲ್ಲಿಸಿದ ಮೇಲೂ ಸಾಲದು ಅನಿಸಿದರೆ ಮಾತ್ರ ಮಾರ್ಪಾಡಿನ ಮಾತು.

ಬೇಕಾಗುವ ಸಾಮಾನು ದೊಡ್ಡದೇನಲ್ಲ. ಒಂದು ನೋಟ್‌ಬುಕ್ಕು, ನಿಮ್ಮದೇ ಆದ ಒಳ್ಳೆಯ ಟೈರ್ ಗೇಜು, ಒಂದು ಮಗ್ಗು ಸೋಪಿನ ನೀರು, ಗಾಡಿಯ ಜೊತೆ ಬಂದ ಕಂಪನಿ ಪುಸ್ತಕ. ಪುಸ್ತಕ ಕಳೆದುಹೋಗಿದ್ದರೆ ಸರ್ವೀಸ್ ಸೆಂಟರಿನಲ್ಲಿ ಕೇಳಿ ತೆಗೆದುಕೊಳ್ಳಿ. ಟೈರಿನ ಗಾಳಿ, ಆಯಿಲ್ ಗ್ರೇಡು, ಟ್ಯಾಪೆಟ್ ಗ್ಯಾಪು, ಎಲ್ಲಕ್ಕೂ ಅದರಲ್ಲಿರುವ ಅಂಕಿಯೇ ಲೆಕ್ಕ. ಪಕ್ಕದ ಲಾರಿಯವರು ಹೇಳಿದ ಅಂಕಿ ನಿಮ್ಮ ಗಾಡಿಗೆ ಹೊಂದಬೇಕು ಅಂತೇನಿಲ್ಲ.

ಹಂತ 1: ಈಗಿನ ಮೈಲೇಜ್ ಎಷ್ಟು ಅಂತ ಸರಿಯಾಗಿ ಅಳೆಯಿರಿ

"ಲೀಟರಿಗೆ ನಾಲ್ಕು ಕೊಡುತ್ತೆ" ಅನ್ನುವವರನ್ನು ಹೇಗೆ ಅಳೆದಿರಿ ಅಂತ ಕೇಳಿ ನೋಡಿ. ಸುಮಾರು ಜನ ಸುಮ್ನೆ ಅಂದಾಜು ಹೇಳುತ್ತಿರುತ್ತಾರೆ. ಅಂದಾಜು ಇಟ್ಟುಕೊಂಡು ಮುಂದೆ ಹೋದರೆ ಯಾವ ಕೆಲಸದಿಂದ ಲಾಭವಾಯಿತು ಅಂತ ಎಂದಿಗೂ ಗೊತ್ತಾಗುವುದಿಲ್ಲ.

ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಅಳೆಯಬೇಕು. ಒಂದೇ ಬಂಕು, ಸಾಧ್ಯವಾದರೆ ಒಂದೇ ನಾಝಲ್ಲು, ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ. ಟ್ಯಾಂಕಿನ ಕತ್ತಿನವರೆಗೆ ತುಂಬಿಸಿ, ನೊರೆ ಇಳಿದ ಮೇಲೆ ಮತ್ತೆ ತುಂಬಿಸಿ. ಕಿಲೋಮೀಟರ್ ಬರೆದುಕೊಳ್ಳಿ. ಟ್ರಿಪ್ ಮುಗಿಸಿ ಬಂದು ಅದೇ ಥರ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಟ್ರಿಪ್ ಸಾಲದು, ಮೂರು ಆಗಲಿ. ಪ್ರತಿ ಟ್ರಿಪ್ಪಿಗೂ ಲೋಡ್ ಎಷ್ಟು ಟನ್, ಯಾವ ದಾರಿ, ಯಾರು ಓಡಿಸಿದ್ದು ಅಂತ ಪಕ್ಕದಲ್ಲೇ ಬರೆಯಿರಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೈವೇಯಲ್ಲಿ ಬಂದ ಲೆಕ್ಕವನ್ನೂ ಅಂಕೋಲದಿಂದ ಅರಬೈಲ್ ಘಾಟಿ ಹತ್ತಿದ ಲೆಕ್ಕವನ್ನೂ ಒಂದಕ್ಕೊಂದು ಹೋಲಿಸಬೇಡಿ.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ ಅಂತ ಅನಿಸಬಹುದು. ಲೆಕ್ಕ ನೋಡಿ. ಲೀಟರಿಗೆ 4 ಕಿಲೋಮೀಟರ್ ಕೊಡುವ ಗಾಡಿ ತಿಂಗಳಿಗೆ 8,000 ಕಿಲೋಮೀಟರ್ ಓಡಿದರೆ 2,000 ಲೀಟರ್ ಬೇಕು. ಅದೇ ಗಾಡಿ 4.4 ಕೊಟ್ಟರೆ ಸುಮಾರು 1,818 ಲೀಟರ್ ಸಾಕು. ಉಳಿದದ್ದು 182 ಲೀಟರ್. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 16,000 ರೂಪಾಯಿ ದಾಟುತ್ತದೆ. ಎಷ್ಟೋ ಜನರ ಇಎಂಐ ಭಾರದಲ್ಲಿ ಇದು ಸಣ್ಣ ಮೊತ್ತ ಅಲ್ಲ.

ಬೆಳಗಿನ ಜಾವ ಹಾಕಿಸಿದರೆ ಡೀಸೆಲ್ ಜಾಸ್ತಿ ಬರುತ್ತದೆ ಅನ್ನುವ ಮಾತಿದೆಯಲ್ಲ, ಅದನ್ನು ನಂಬಿ ನಿದ್ದೆ ಕೆಡಿಸಿಕೊಳ್ಳಬೇಡಿ. ಬಂಕಿನ ಟ್ಯಾಂಕ್ ನೆಲದೊಳಗಿರುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಅಂತ ಅದರ ಬಿಸಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ.

ಹಂತ 2: ಎಂಜಿನ್ನಿಗೆ ಉಸಿರು ಸರಿಯಾಗಿ ಸಿಗುತ್ತಿದೆಯಾ?

ಪುಲ್ಲಿಂಗ್ ಇಲ್ಲ ಅಂತ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಗಾಳಿಯ ದಾರಿ. ಡೀಸೆಲ್ ಉರಿಯಲು ಗಾಳಿ ಬೇಕು. ಗಾಳಿ ಕಮ್ಮಿಯಾದರೆ ಡೀಸೆಲ್ ಅರ್ಧಂಬರ್ಧ ಉರಿದು ಕರಿಹೊಗೆಯಾಗಿ ಹೋಗುತ್ತದೆ. ಸೈಲೆನ್ಸರಿನಲ್ಲಿ ಕಾಣುವ ಕರಿಹೊಗೆ ಅಂದರೆ ನೀವು ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲೇ.

ಏರ್ ಫಿಲ್ಟರ್ ಡಬ್ಬಿಯ ಹತ್ತಿರ ಒಂದು ಸಣ್ಣ ಇಂಡಿಕೇಟರ್ ಇರುತ್ತದೆ. ಅದು ಕೆಂಪಿಗೆ ಬಂದರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಅರ್ಥ. ಸಂಡೂರು, ಹೊಸಪೇಟೆ ಕಡೆಯ ಅದಿರು ಗಾಡಿ, ಕ್ವಾರಿ ಟಿಪ್ಪರ್ ಇವಕ್ಕೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಬಹಳ ಮೊದಲೇ ಕೆಂಪು ಬರುತ್ತದೆ. ಡಬ್ಬಿಯೊಳಗೆ ಎರಡು ಫಿಲ್ಟರ್ ಇರುತ್ತವೆ. ಹೊರಗಿನ ದೊಡ್ಡದಕ್ಕೆ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಕಮ್ಮಿ ಪ್ರೆಶರಿನಲ್ಲಿ ಹೊಡೆಯಬೇಕು. ಟೈರಿಗೆ ಹಿಡಿಯುವ ಫುಲ್ ಪ್ರೆಶರ್ ಪೈಪನ್ನು ಹತ್ತಿರ ಹಿಡಿದು ಹೊಡೆದರೆ ಪೇಪರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಆ ತೂತಿನಿಂದ ಹೋದ ಧೂಳು ಎಂಜಿನ್ನಿನೊಳಗಿನ ಲೈನರ್, ರಿಂಗು ಎಲ್ಲವನ್ನೂ ಸವೆಸುತ್ತದೆ. ಒಳಗಿನ ಸಣ್ಣ ಫಿಲ್ಟರನ್ನು ಮಾತ್ರ ಯಾವತ್ತೂ ತೊಳೆಯಬೇಡಿ, ಊದಬೇಡಿ. ಬದಲಾಯಿಸುವುದು ಅಷ್ಟೇ.

ಮುಂದಿನದು ಇಂಟರ್‌ಕೂಲರ್. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಒತ್ತಿ ಕಳಿಸಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡಿ ಎಂಜಿನ್ನಿಗೆ ಕೊಡುವ, ರೇಡಿಯೇಟರಿನ ಮುಂದೆ ಇರುವ ಭಾಗ ಅದು. ಅದಕ್ಕೆ ಹೋಗುವ ರಬ್ಬರ್ ಹೋಸ್ ಸೀಳಿದರೆ, ಕ್ಲಿಪ್ಪು ಸಡಿಲವಾದರೆ, ಟರ್ಬೊ ತಳ್ಳಿದ ಗಾಳಿ ಅಲ್ಲೇ ಹೊರಗೆ ಹೋಗುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಲೋಡ್ ಹಾಕಿ ಏರು ಹತ್ತುವಾಗ "ಸುಯ್" ಅಂತ ಸದ್ದು ಬರುತ್ತದೆ, ಕರಿಹೊಗೆ ಬರುತ್ತದೆ, ಗಾಡಿ ಸುಸ್ತಾಗುತ್ತದೆ.

ನನಗೂ ಹೀಗೇ ಆಗಿತ್ತು. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಗಾಡಿ ಎರಡನೇ ಗೇರಿನಿಂದ ಮೇಲೇಳುತ್ತಲೇ ಇರಲಿಲ್ಲ. ಒಬ್ಬ ಮೆಕ್ಯಾನಿಕ್ ಪಂಪ್ ಟೈಟ್ ಮಾಡಿಕೊಟ್ಟರು. ಎರಡು ದಿನ ಚೆನ್ನಾಗಿತ್ತು, ಮೂರನೇ ತಿಂಗಳಿಗೆ ಟರ್ಬೊ ಹೋಯಿತು. ಹೊಸ ಟರ್ಬೊ ಕೂರಿಸುವಾಗ ಕಂಡಿದ್ದು, ಇಂಟರ್‌ಕೂಲರ್ ಹೋಸಿನ ಕೆಳಭಾಗದಲ್ಲಿ ಬೆರಳುದ್ದದ ಸೀಳು. ಮೇಲಿನಿಂದ ನೋಡಿದರೆ ಹೋಸ್ ಹೊಸದರಂತೆಯೇ ಇತ್ತು. ಕೆಳಗೆ ಮಾತ್ರ ಆಯಿಲ್ ಮಸಿ ಮೆತ್ತಿಕೊಂಡು ಒದ್ದೆಯಾಗಿತ್ತು.

ಅದಕ್ಕೇ ಹೇಳುವುದು: ಪ್ರತಿ ಹೋಸಿನ ಕೆಳಗೂ ಕೈ ಹಾಕಿ ಸವರಿ ನೋಡಿ. ಬೆರಳಿಗೆ ಎಣ್ಣೆ ಅಂಟಿದ ಜಾಗದಲ್ಲಿ ಸಂಶಯ ಪಡಿ. ವರ್ಕ್‌ಶಾಪಿನಲ್ಲಾದರೆ ಹೋಸಿಗೆ ಅಳತೆಯ ಪ್ರೆಶರಿನಲ್ಲಿ ಗಾಳಿ ಕೊಟ್ಟು, ಮೇಲೆ ಸೋಪಿನ ನೀರು ಹಚ್ಚಿಸಿ. ಗುಳ್ಳೆ ಬಂದರೆ ಅಲ್ಲಿ ಸೋರಿಕೆ ಇದೆ.

ಹಂತ 3: ಡೀಸೆಲ್ಲಿನ ದಾರಿ

ವಾಟರ್ ಸೆಪರೇಟರಿನ (ಡೀಸೆಲ್ಲಿನಲ್ಲಿರುವ ನೀರನ್ನು ಬೇರೆ ಮಾಡುವ ಬಟ್ಟಲು) ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ. ಕಾಮನ್ ರೈಲ್ ಗಾಡಿಗಳಲ್ಲಿ (ಕಂಪ್ಯೂಟರ್ ಲೆಕ್ಕದಲ್ಲಿ ಭಾರೀ ಒತ್ತಡದಿಂದ ಡೀಸೆಲ್ ಕೊಡುವವು) ಎಂಜಿನ್ನಿನೊಳಗೆ ಡೀಸೆಲ್ ಊದುವ ನಾಝಲ್ಲಿನ ತೂತು ಕೂದಲೆಳೆಯಷ್ಟು ಸಣ್ಣದು. ಒಂದು ಹನಿ ನೀರು, ಚೂರು ಮಣ್ಣು ಸಾಕು, ಹಾಳಾಗುವುದಕ್ಕೆ. ಡೀಸೆಲ್ ಫಿಲ್ಟರ್ ವಿಷಯದಲ್ಲಿ ನೂರು ಇನ್ನೂರು ರೂಪಾಯಿ ಉಳಿಸಲು ಡೂಪ್ಲಿಕೇಟ್ ಹಾಕಿಸಬೇಡಿ.

ನಾಝಲ್ಲನ್ನು ಬರೀ ಕಣ್ಣಿನಲ್ಲಿ ನೋಡಿ ಹೇಳಲಾಗದು. ಪಂಪ್ ಅಂಗಡಿಯಲ್ಲಿ ಟೆಸ್ಟ್ ಬೆಂಚಿನ ಮೇಲೆ ಹಾಕಿ ನೋಡಬೇಕು. ನೀವೇ ನಿಂತು ನೋಡಿ. ಒಳ್ಳೆಯ ನಾಝಲ್ಲು ಮಂಜಿನ ಹಾಗೆ ಡೀಸೆಲ್ ಊದುತ್ತದೆ. ಕೆಟ್ಟದ್ದು ದಾರದ ಹಾಗೆ ಚಿಮ್ಮುತ್ತದೆ, ಕೊನೆಯಲ್ಲಿ ತೊಟ್ಟಿಕ್ಕುತ್ತದೆ. ಆರರಲ್ಲಿ ಒಂದು ಹೀಗಿದ್ದರೂ ಎಂಜಿನ್ ಕುಂಟುತ್ತದೆ.

ಅದೇ ಸಮಯಕ್ಕೆ ಟ್ಯಾಪೆಟ್ ನೋಡಿಸಿ. ವಾಲ್ವಿಗೂ ಅದನ್ನು ಒತ್ತಿ ತೆರೆಯುವ ರಾಕರಿಗೂ ನಡುವಿನ ಸಣ್ಣ ಸಂದು ಅದು. ಸಂದು ಕಮ್ಮಿಯಾದರೆ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಶನ್ ಸೋರುತ್ತದೆ. ಜಾಸ್ತಿಯಾದರೆ ಟಕಟಕ ಸದ್ದು ಬರುತ್ತದೆ, ಗಾಳಿ ಪೂರ್ತಿ ಒಳಗೆ ಬರುವುದಿಲ್ಲ. ಫೀಲರ್ ಗೇಜ್ ಇಟ್ಟು ಅಳೆದು ಕೂರಿಸಬೇಕು. "ಕೈಯಲ್ಲೇ ಗೊತ್ತಾಗುತ್ತೆ" ಅನ್ನುವ ಮೆಕ್ಯಾನಿಕ್ಕಿಗೂ ಗೇಜ್ ಕೊಟ್ಟು ಕೂರಿಸಿ.

ಬಿಎಸ್6 ಗಾಡಿ, ಅಂದರೆ 2020ರ ಏಪ್ರಿಲ್ ನಂತರದ್ದಾದರೆ, ಇದೆಲ್ಲಕ್ಕಿಂತ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಎಂಜಿನ್ ಲೈಟೋ ಆಡ್‌ಬ್ಲೂ ಲೈಟೋ ಉರಿಯುತ್ತಿದ್ದರೆ ಗಾಡಿ ತಾನಾಗಿಯೇ ಪವರ್ ಕಮ್ಮಿ ಮಾಡಿಕೊಂಡಿರಬಹುದು. ಆಡ್‌ಬ್ಲೂ ಅಂದರೆ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಹೊಗೆಯಲ್ಲಿರುವ ವಿಷದ ಅನಿಲವನ್ನು ಅದು ಕಮ್ಮಿ ಮಾಡುತ್ತದೆ. ಗೊಬ್ಬರದ ಯೂರಿಯಾವನ್ನು ಬೋರ್ ನೀರಿನಲ್ಲಿ ಕಲಸಿ ಹಾಕಿದವರ ಗಾಡಿ ನೋಡಿದ್ದೇನೆ. ಒಳಗೆಲ್ಲ ಬಿಳಿ ಉಪ್ಪು ಕಟ್ಟಿ ಕೂತಿತ್ತು. ದಯವಿಟ್ಟು ಹಾಗೆ ಮಾಡಬೇಡಿ.

ಡಿಪಿಎಫ್ (ಸೈಲೆನ್ಸರಿನಲ್ಲಿ ಮಸಿ ಹಿಡಿದಿಡುವ ಜಾಲರಿ) ಕಟ್ಟಿಕೊಂಡರೂ ಪುಲ್ಲಿಂಗ್ ಹೋಗುತ್ತದೆ. ಗಾಡಿ ಆಗಾಗ ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಊರೊಳಗೆ ಬರೀ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಗಾಡಿಗೆ ಅದಕ್ಕೆ ಬೇಕಾದಷ್ಟು ಬಿಸಿ ಸಿಗುವುದಿಲ್ಲ. ಆಗ ನಿಲ್ಲಿಸಿ ಸ್ವಿಚ್ ಒತ್ತಿ ಸುಡಿಸಬೇಕಾಗುತ್ತದೆ. ಹುಲ್ಲಿನ ಬಣವೆ, ಒಣ ಎಲೆ, ಕಬ್ಬಿನ ಸಿಪ್ಪೆ ಇರುವ ಕಡೆ ಈ ಕೆಲಸ ಮಾತ್ರ ಮಾಡಬೇಡಿ. ಸೈಲೆನ್ಸರ್ ಕೆಂಡದ ಹಾಗೆ ಕಾದಿರುತ್ತದೆ.

ಹಂತ 4: ಕಿತ್ತುಹಾಕಿದ ಥರ್ಮೋಸ್ಟಾಟ್, ಲಾಕ್ ಮಾಡಿದ ಫ್ಯಾನು

ಹಳೆಯ ಗಾಡಿ ಕೊಂಡವರು ಇವೆರಡನ್ನು ತಪ್ಪದೆ ನೋಡಿ. ಎಂಜಿನ್ ಒಮ್ಮೆ ಹೀಟ್ ಆಯಿತು ಅಂದ ತಕ್ಷಣ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡುವುದು ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ಎಂಜಿನ್ ಬೆಚ್ಚಗಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಅದಿಲ್ಲದಿದ್ದರೆ ಎಂಜಿನ್ ಯಾವಾಗಲೂ ತಣ್ಣಗೇ ಓಡುತ್ತದೆ. ತಣ್ಣಗಿನ ಎಂಜಿನ್ ಡೀಸೆಲ್ ಜಾಸ್ತಿ ತಿನ್ನುತ್ತದೆ, ಬೇಗ ಸವೆಯುತ್ತದೆ. ಹೀಟ್ ಆಗಲು ನಿಜವಾದ ಕಾರಣ ರೇಡಿಯೇಟರ್ ಕಟ್ಟಿರುವುದೋ, ವಾಟರ್ ಪಂಪೋ, ಬೆಲ್ಟೋ ಇರುತ್ತದೆ. ಅದನ್ನು ಹುಡುಕಿಸಿ, ಹೊಸ ಥರ್ಮೋಸ್ಟಾಟ್ ಹಾಕಿಸಿ. ಅರ್ಧ ಗಂಟೆ ಓಡಿದ ಮೇಲೂ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಳಗೇ ಇದ್ದರೆ ನಿಮ್ಮ ಗಾಡಿಯಲ್ಲೂ ಅದನ್ನು ಕಿತ್ತಿರಬಹುದು, ಇಲ್ಲವೇ ಅದು ಕೆಟ್ಟಿರಬಹುದು.

ಇನ್ನೊಂದು ವಿಸ್ಕಸ್ ಫ್ಯಾನು. ಬಿಸಿಯಾದಾಗ ಮಾತ್ರ ಜೋರಾಗಿ ತಿರುಗಿ, ಉಳಿದಂತೆ ಸಡಿಲ ಬಿಡುವ ಫ್ಯಾನು. ಅದರ ಕಪ್ಲಿಂಗ್ ಕೆಟ್ಟಾಗ ಬೋಲ್ಟ್ ಹೊಡೆದು ಲಾಕ್ ಮಾಡಿಬಿಡುತ್ತಾರೆ. ಅಲ್ಲಿಂದ ಫ್ಯಾನು ಹಗಲೂ ರಾತ್ರಿ ಎಂಜಿನ್ನಿನ ಶಕ್ತಿ ತಿನ್ನುತ್ತಾ ತಿರುಗುತ್ತಿರುತ್ತದೆ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಕೈಯಲ್ಲಿ ತಿರುಗಿಸಿ ನೋಡಿ. ಸ್ವಲ್ಪ ಬಿಗಿಯಾಗಿ, ಆದರೆ ಮೆತ್ತಗೆ ತಿರುಗಬೇಕು. ಅಲ್ಲಾಡದಿದ್ದರೆ ಲಾಕ್ ಆಗಿದೆ.

ಹಂತ 5: ಟೈರು, ಹಬ್ಬು, ಬ್ರೇಕು

ಕಮ್ಮಿ ಖರ್ಚಿನಲ್ಲಿ ಜಾಸ್ತಿ ಲಾಭ ಸಿಗುವುದು ಇಲ್ಲಿ. ಗಾಳಿ 10 ಪಿಎಸ್‌ಐ ಕಮ್ಮಿಯಾದರೆ ಮೈಲೇಜ್ ಸುಮಾರು ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಟೈರ್ ಬಿಸಿಯಾಗಿ ಬೇಗ ಸವೆಯುವುದು ಬೇರೆ. ಕೋಲಿನಲ್ಲಿ ಬಡಿದು ಸದ್ದು ಕೇಳಿದರೆ ಪಂಕ್ಚರ್ ಆದ ಟೈರ್ ಗೊತ್ತಾಗಬಹುದು, ಇಪ್ಪತ್ತು ಪಿಎಸ್‌ಐ ಕಮ್ಮಿ ಇರುವ ಟೈರ್ ಗೊತ್ತಾಗುವುದಿಲ್ಲ. ಗೇಜ್ ಹಾಕಿಯೇ ನೋಡಬೇಕು. ಅದೂ ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಓಡಿ ಬಂದ ಬಿಸಿ ಟೈರಿನಲ್ಲಿ ಪ್ರೆಶರ್ ಜಾಸ್ತಿ ತೋರಿಸುವುದು ಸಹಜ. ಆಗ ಗಾಳಿ ಬಿಡಬೇಡಿ.

ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದನ್ನು ಎಲ್ಲರೂ ಮರೆಯುತ್ತಾರೆ. ಜೋಡಿಯಲ್ಲಿ ಒಂದು ಹೊಸ ಟೈರು, ಇನ್ನೊಂದು ಸವೆದ ರೀಸೋಲ್ (ಮೇಲೆ ಹೊಸ ರಬ್ಬರ್ ಕೂರಿಸಿದ ಹಳೆಯ ಟೈರು) ಹಾಕಿದರೆ ಎರಡರ ಸುತ್ತಳತೆ ಬೇರೆ ಆಗುತ್ತದೆ. ದೊಡ್ಡದು ಉರುಳುತ್ತದೆ, ಚಿಕ್ಕದು ರಸ್ತೆ ಮೇಲೆ ಎಳೆದುಕೊಂಡು ಬರುತ್ತದೆ. ಎತ್ತರ ಅಳೆದು ಜೋಡಿ ಮಾಡಿ.

ಇನ್ನೂ ನೈಲಾನ್ ಟೈರಿನಲ್ಲಿ ಓಡಿಸುತ್ತಿದ್ದರೆ, ಹೈವೇ ಗಾಡಿಯಾದರೆ, ಮುಂದಿನ ಸಲ ರೇಡಿಯಲ್ ಹಾಕಿಸಿ. ರೇಡಿಯಲ್ ಟೈರ್ ಹಗುರವಾಗಿ ಉರುಳುತ್ತದೆ. ಮೊದಲ ಖರ್ಚು ಜಾಸ್ತಿ ಹೌದು, ಡೀಸೆಲ್ಲಿನಲ್ಲಿ ತಿರುಗಿ ಬರುತ್ತದೆ. ಒಂದೇ ಆಕ್ಸಲಿನಲ್ಲಿ ನೈಲಾನ್, ರೇಡಿಯಲ್ ಎರಡನ್ನೂ ಬೆರೆಸಬೇಡಿ. ಕ್ವಾರಿ, ಕಲ್ಲು, ಕೆಸರು ಅಂತ ಓಡುವ ಟಿಪ್ಪರಿಗೆ ನೈಲಾನೇ ಇರಲಿ ಅನ್ನುವವರ ಮಾತಲ್ಲೂ ನ್ಯಾಯವಿದೆ.

ಬ್ರೇಕ್ ಹಿಡಿದುಕೊಂಡಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಸಮತಟ್ಟು ರಸ್ತೆಯಲ್ಲಿ, ಜಾಸ್ತಿ ಬ್ರೇಕ್ ಹೊಡೆಯದೆ 20–30 ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಪ್ರತಿ ಹಬ್ಬಿನ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ. ಮುಟ್ಟಬೇಡಿ, ಸುಡಬಹುದು. ಎಲ್ಲ ಒಂದೇ ಥರ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕಾದಿದ್ದರೆ ಆ ಚಕ್ರದಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಗ್ರೀಸ್ ಒಣಗಿದೆ. ನೀವು ಬ್ರೇಕ್ ಒತ್ತಿಕೊಂಡೇ ಆಕ್ಸಲರೇಟರ್ ಕೊಡುತ್ತಿದ್ದೀರಿ ಅಂತ ಅರ್ಥ.

ಮುಂದಿನ ಟೈರಿನ ಮೇಲೆ ಅಂಗೈ ಒಳಕ್ಕೂ ಹೊರಕ್ಕೂ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಾಗೆ ಸಿಕ್ಕರೆ ಅಲೈನ್‌ಮೆಂಟ್ ಹೋಗಿದೆ. ಲಿಫ್ಟ್ ಆಕ್ಸಲ್ (ಬೇಡದಾಗ ಚಕ್ರಗಳ ಸಮೇತ ಮೇಲೆತ್ತುವ ಆಕ್ಸಲ್) ಇರುವವರು ಖಾಲಿ ಬರುವಾಗ ಅದನ್ನು ಎತ್ತಿಕೊಂಡೇ ಬನ್ನಿ.

ಹಂತ 6: ಈಗ ಮಾರ್ಪಾಡು, ಯಾವುದು ಮಾಡಿಸಬಹುದು?

ಮೇಲಿನ ಕೆಲಸ ಆದ ಮೇಲೆ ಮತ್ತೆ ಮೂರು ಟ್ರಿಪ್ ಅಳೆಯಿರಿ. ಇಷ್ಟಕ್ಕೇ ಸಮಾಧಾನವಾದರೆ ಮುಂದೆ ಹೋಗಬೇಕಾಗಿಲ್ಲ.

ಮೊದಲು ಗಾಳಿಗೆ ಅಡ್ಡ ಬರುವುದನ್ನು ಕಮ್ಮಿ ಮಾಡಿ. ಗಾಡಿಗೆ ಎದುರು ತಳ್ಳುವ ಗಾಳಿ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಇರುವ ತಳ್ಳಾಟಕ್ಕೆ ಹೋಲಿಸಿದರೆ 60ರಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕಂಟೇನರ್ ಬಾಡಿ, ಎತ್ತರದ ಲೋಡು ಇರುವ ಹೈವೇ ಗಾಡಿಗೆ ಕ್ಯಾಬಿನ್ ಮೇಲೆ ಕಂಪನಿಯ ಗಾಳಿ ಸೀಳುವ ಡಿಫ್ಲೆಕ್ಟರ್ ಹಾಕಿಸಿದರೆ ಉಪಯೋಗವಿದೆ. ಟಾರ್ಪಾಲು ಸಡಿಲವಿದ್ದು ಪಟಪಟ ಹೊಡೆದುಕೊಂಡರೆ ಅದೂ ಡೀಸೆಲ್ ತಿನ್ನುತ್ತದೆ. ಹಗ್ಗ ಬಿಗಿದು ಕಟ್ಟಿ. ಮುಂದಿನ ಕಬ್ಬಿಣದ ಕ್ರ್ಯಾಶ್ ಗಾರ್ಡ್ ತೆಗೆದುಬಿಡಿ. ಅದು ಭಾರ, ಗಾಳಿಗೂ ಅಡ್ಡ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಹೇಳಿದೆ.

ಹೊಸ ಬಾಡಿ ಕಟ್ಟಿಸುವವರು ತೂಕದ ಬಗ್ಗೆ ಯೋಚಿಸಿ. ನಮ್ಮವರು ತುಂಬಾ ಜನ ನಾಮಕ್ಕಲ್ ಕಡೆ ಹೋಗಿ ಕಟ್ಟಿಸುತ್ತಾರೆ. "ಗಟ್ಟಿಯಾಗಿರಲಿ" ಅಂತ ಹೇಳಿ ದಪ್ಪ ಶೀಟು, ಎಕ್ಸ್‌ಟ್ರಾ ಅಡ್ಡಪಟ್ಟಿ ಹಾಕಿಸಿಕೊಂಡು ಬರುತ್ತಾರೆ. ಬಾಡಿಯಲ್ಲಿ ಅರ್ಧ ಟನ್ ಜಾಸ್ತಿಯಾದರೆ ಖಾಲಿ ಬರುವಾಗಲೂ ಅದನ್ನು ಹೊತ್ತುಕೊಂಡೇ ಬರಬೇಕು. ಲೋಡಿನಲ್ಲಂತೂ ಬಾಡಿಗೆ ದುಡ್ಡು ತರುವ ಅರ್ಧ ಟನ್ ಮಾಲು ಬಿಟ್ಟ ಹಾಗೆ. ಎಷ್ಟು ತೂಕ ಬರುತ್ತದೆ ಅಂತ ಮೊದಲೇ ಕೇಳಿ, ಮುಗಿದ ಮೇಲೆ ವೇಬ್ರಿಡ್ಜಿನಲ್ಲಿ ತೂಗಿಸಿ ನೋಡಿ.

ಇನ್ನು ಹೌಸಿಂಗ್ ರೇಶಿಯೊ. ಇದನ್ನು ಅರ್ಥ ಮಾಡಿಕೊಂಡರೆ ಪುಲ್ಲಿಂಗ್ ಮತ್ತು ಮೈಲೇಜಿನ ನಡುವಿನ ಲೆಕ್ಕವೇ ಅರ್ಥವಾಗುತ್ತದೆ. ಹಿಂದಿನ ಆಕ್ಸಲಿನಲ್ಲಿ ಪಿನಿಯನ್ನಿಗೆ (ಜಾಯಿಂಟ್ ಶಾಫ್ಟಿನ ಕಡೆಯ ಸಣ್ಣ ಗೇರು) 6 ಹಲ್ಲು, ಕ್ರೌನಿಗೆ (ಅದು ತಿರುಗಿಸುವ ದೊಡ್ಡ ಗೇರು) 41 ಹಲ್ಲು ಇದ್ದರೆ 41 ಭಾಗಿಸು 6, ಅಂದರೆ 6.83. ಪಿನಿಯನ್ನಿಗೆ 7 ಹಲ್ಲಿದ್ದರೆ 5.86. ಚಕ್ರ ಒಂದು ಸುತ್ತು ಸುತ್ತಲು, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಜಾಯಿಂಟ್ ಶಾಫ್ಟ್ ಅಷ್ಟು ಸುತ್ತು ಸುತ್ತಬೇಕು.

20 ಇಂಚು ರಿಮ್ಮಿನ ಲಾರಿ ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಸಾಗುತ್ತದೆ. ಗಂಟೆಗೆ 60 ಅಂದರೆ ನಿಮಿಷಕ್ಕೆ 1,000 ಮೀಟರ್, ಚಕ್ರ ಸುಮಾರು 312 ಸುತ್ತು. ಟಾಪ್ ಗೇರ್ ನೇರವಾಗಿದ್ದರೆ (ಎಂಜಿನ್ ಒಂದು ಸುತ್ತಿಗೆ ಶಾಫ್ಟೂ ಒಂದೇ ಸುತ್ತು) 6.83ರಲ್ಲಿ ಎಂಜಿನ್ 2,135 ಸುತ್ತಬೇಕು, 5.86ರಲ್ಲಿ 1,830 ಸಾಕು. ಅದೇ 60ಕ್ಕೆ ನಿಮಿಷಕ್ಕೆ ಮುನ್ನೂರು ಸುತ್ತು ಉಳಿತಾಯ! ಆದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಬರುವ ಎಳೆತ ನೂರಕ್ಕೆ 14ರಷ್ಟು ಕಮ್ಮಿಯಾಗುತ್ತದೆ. ಹಾಗಾಗಿ ಚಿತ್ರದುರ್ಗ, ರಾಣೆಬೆನ್ನೂರು ಅಂತ ನೇರ ಹೈವೇಯಲ್ಲೇ ವರ್ಷವಿಡೀ ಓಡುವ ಗಾಡಿಗೆ ಸಣ್ಣ ರೇಶಿಯೊ ಒಳ್ಳೆಯದು. ಮಂಗಳೂರು ಬಂದರಿನಿಂದ ಲೋಡ್ ತುಂಬಿ ವಾರಕ್ಕೆ ಮೂರು ಸಲ ಘಾಟಿ ಹತ್ತುವ ಗಾಡಿಗೆ ದೊಡ್ಡ ರೇಶಿಯೊನೇ ಇರಲಿ. ಎಲ್ಲ ದಾರಿಗೂ ಒಂದೇ ರೇಶಿಯೊ ಸರಿ ಹೋಗುವುದಿಲ್ಲ.

ಬದಲಾಯಿಸುವುದಾದರೆ ಆ ಮಾಡೆಲ್ಲಿಗೆ ಕಂಪನಿ ಕೊಡುವ ಸೆಟ್ಟನ್ನೇ, ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ಹಾಕಿಸಿ. ಸ್ಪೀಡೋಮೀಟರ್ ಮತ್ತು ಸ್ಪೀಡ್ ಗವರ್ನರ್ (ಗಾಡಿ ವೇಗದ ಮಿತಿ ದಾಟದಂತೆ ತಡೆಯುವ ಸಾಧನ) ಎರಡನ್ನೂ ಮತ್ತೆ ಸೆಟ್ ಮಾಡಿಸಬೇಕು. ಇಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ, ನಿಮ್ಮ ಮೈಲೇಜ್ ಲೆಕ್ಕವೂ ಸುಳ್ಳಾಗುತ್ತದೆ.

ಹಂತ 7: ಇವುಗಳ ಹತ್ತಿರ ಹೋಗಬೇಡಿ

ಪಂಪ್ ಟೈಟ್ ಮಾಡಿಸುವುದು. ಗಾಳಿ ಅಷ್ಟೇ ಇದ್ದು ಡೀಸೆಲ್ ಜಾಸ್ತಿ ಮಾಡಿದರೆ ಹೊಗೆ ಜಾಸ್ತಿ, ಬಿಸಿ ಜಾಸ್ತಿ. ಪಿಸ್ಟನ್ನು, ಟರ್ಬೊ, ಹೆಡ್ ಗ್ಯಾಸ್ಕೆಟ್ಟು ಒಂದರ ಹಿಂದೆ ಒಂದು ಹೋಗುತ್ತವೆ. ಎಳೆತ ಬಂದ ಹಾಗೆ ಅನಿಸುವುದು ನಿಜ. ಮೈಲೇಜ್ ಬರುವುದಿಲ್ಲ.

ಚಿಪ್ಪು, ರೀಮ್ಯಾಪು. ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು ಇದು. ಆ ಎಂಜಿನ್ನಿಗೆ ಹೊಂದುವ ಕ್ಲಚ್, ಗೇರ್‌ಬಾಕ್ಸ್, ಹೌಸಿಂಗನ್ನು ಕಂಪನಿ ಒಂದು ಲೆಕ್ಕದಲ್ಲಿ ಕೊಟ್ಟಿರುತ್ತದೆ. ಎಂಜಿನ್ ಒಂದನ್ನೇ ಬಲ ಮಾಡಿದರೆ ಮುರಿಯುವುದು ಹಿಂದಿನ ಭಾಗ. ವಾರಂಟಿ ಇದ್ದರೆ ಅದೂ ಹೋಯಿತು.

ಆಡ್‌ಬ್ಲೂ ಬೇಡದ ಹಾಗೆ ಮೋಸ ಮಾಡುವ ಡಬ್ಬಿ, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ದಾರಿ) ಮುಚ್ಚುವುದು, ಡಿಪಿಎಫ್ ಒಡೆದು ತೆಗೆಯುವುದು. ಇವು ಕಾನೂನಿಗೂ ವಿರುದ್ಧ, ನಮ್ಮದೇ ಊರಿನ ಮಕ್ಕಳು ಉಸಿರಾಡುವ ಗಾಳಿಗೂ ವಿಷ. ಇದರಲ್ಲಿ ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ನೀರಿನಿಂದ ಗ್ಯಾಸ್ ಮಾಡುವ ಕಿಟ್ಟು, ಟ್ಯಾಂಕಿಗೆ ಹಾಕುವ ಗುಳಿಗೆ, ಇವುಗಳಿಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಏರ್ ಫಿಲ್ಟರ್ ಬರುತ್ತದೆ.

ದಪ್ಪ ಆಯಿಲ್ ಹಾಕಿದರೆ ಎಂಜಿನ್ ಗಟ್ಟಿ ಅನ್ನುವುದೂ ತಪ್ಪು. ಡಿಪಿಎಫ್ ಇರುವ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು. ಪುಸ್ತಕದಲ್ಲಿರುವ ಗ್ರೇಡು ನೋಡಿ ಹಾಕಿಸಿ.

ಹಂತ 8: ಸ್ಟೇರಿಂಗ್ ಹಿಡಿದವರು

ಒಂದೇ ಗಾಡಿ, ಒಂದೇ ಲೋಡು, ಡ್ರೈವರ್ ಬದಲಾದರೆ ಮೈಲೇಜ್ ಬದಲಾಗುತ್ತದೆ. ಆರ್‌ಪಿಎಂ ಮೀಟರಿನ ಹಸಿರು ಪಟ್ಟಿಯೊಳಗೆ ಮುಳ್ಳು ಇರಬೇಕು. ಅದು ಹಸಿರು ದಾಟುವ ತನಕ ಕಾಯದೆ ಮೇಲಿನ ಗೇರಿಗೆ ಹೋಗಿ. ಏರಿನಲ್ಲಿ ಎಂಜಿನ್ ಗುದ್ದಾಡಲು ಶುರುಮಾಡುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಕೆಲವು ಗಾಡಿಗಳಲ್ಲಿ ಲೋಡಿಗೆ ತಕ್ಕ ಹಾಗೆ ಪವರ್ ಬದಲಿಸುವ ಸ್ವಿಚ್ಚನ್ನು ಕಂಪನಿಯೇ ಕೊಟ್ಟಿದೆ. ಮಹೀಂದ್ರ ಬ್ಲೇಜೊದ ಫ್ಯುಯೆಲ್‌ಸ್ಮಾರ್ಟ್ ಅಂಥದ್ದು. ಖಾಲಿ ಬರುವಾಗಲೂ ಅದನ್ನು ಹೆವಿಯಲ್ಲೇ ಬಿಟ್ಟುಕೊಂಡು ಬರುವವರು ಎಷ್ಟು ಜನ! ನೀವು ಹುಡುಕುತ್ತಿದ್ದ ಚಿಪ್ಪು ಒಂದು ರೀತಿ ಅದೇ. ಬಿಟ್ಟಿಯಾಗಿ ಬಂದಿದೆ, ಬಳಸಿ.

ನಿಂತಲ್ಲಿ ಎಂಜಿನ್ ಆನ್ ಇಟ್ಟರೆ ದೊಡ್ಡ ಗಾಡಿಗೆ ಗಂಟೆಗೆ ಒಂದರಿಂದ ಎರಡು ಲೀಟರ್ ಹೋಗುತ್ತದೆ. ಅನ್‌ಲೋಡಿಂಗ್ ಸಾಲಿನಲ್ಲಿ ಆಫ್ ಮಾಡಿ. ಆದರೆ ಘಾಟಿ ಹತ್ತಿ ಬಂದ ತಕ್ಷಣ ಆಫ್ ಮಾಡಬೇಡಿ. ಟರ್ಬೊ ತಣ್ಣಗಾಗಲು ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ. ಡೀಸೆಲ್ ಉಳಿಯುತ್ತದೆ ಅಂತ ಮಾಡುತ್ತಾರೆ. ಉಳಿಯುವುದಿಲ್ಲ. ಕಾಮನ್ ರೈಲ್ ಗಾಡಿಯಲ್ಲಿ ಗೇರಿನಲ್ಲಿ ಇಟ್ಟು ಆಕ್ಸಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ಕಟ್ ಆಗುತ್ತದೆ. ನ್ಯೂಟ್ರಲ್ ಹಾಕಿದಾಗಲೇ ಐಡಲ್ ಓಡಲು ಡೀಸೆಲ್ ಬೇಕಾಗುವುದು. ಎಂಜಿನ್ ಹಿಡಿತ ಇಲ್ಲದೆ ಬರೀ ಬ್ರೇಕಿನಲ್ಲಿ ಇಳಿಸಿದರೆ ಡ್ರಮ್ಮು ಕಾದು ಬ್ರೇಕ್ ಲೈನರ್ ಹಿಡಿಯುವುದನ್ನೇ ಬಿಡುತ್ತದೆ. ಎಂಜಿನ್ ಆಫ್ ಮಾಡಿ ಬಿಟ್ಟರೆ ಸ್ಟೇರಿಂಗೂ ಬಿಗಿಯಾಗುತ್ತದೆ, ಬ್ರೇಕಿನ ಗಾಳಿಯೂ ತುಂಬುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಯಿರಿ, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ಇಳಿಸುವ ಬ್ರೇಕು) ಬಳಸಿ.

ಉಳಿದ ಡೀಸೆಲ್ಲಿನ ದುಡ್ಡಿನಲ್ಲಿ ಒಂದು ಪಾಲು ಡ್ರೈವರಿಗೆ ಕೊಡಿ. ನೋಟ್‌ಬುಕ್ ಅವರ ಕೈಯಲ್ಲೇ ಇರಲಿ. ಗಾಡಿಯಲ್ಲಿ ಏನೇ ಹೊಸ ಸದ್ದು ಬಂದರೂ ಮೊದಲು ಗೊತ್ತಾಗುವುದು ಅವರಿಗೇ ಅಲ್ವಾ?

ಹಂತ 9: ಕಾಗದ ಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಓವರ್‌ಲೋಡಿಗೆ ಕೇಂದ್ರ ಕಾಯ್ದೆಯಲ್ಲಿ 20,000 ರೂಪಾಯಿ, ಮೇಲೆ ಜಾಸ್ತಿ ಇದ್ದ ಪ್ರತಿ ಟನ್ನಿಗೆ 2,000. ಪುಲ್ಲಿಂಗ್ ಬಂತು ಅಂತ ಎಕ್ಸ್‌ಟ್ರಾ ಸ್ಪ್ರಿಂಗ್ ಬ್ಲೇಡ್ ಹಾಕಿಸಿ ಎರಡು ಟನ್ ಜಾಸ್ತಿ ತುಂಬಿದರೆ ಉಳಿಸಿದ ಡೀಸೆಲ್ ದುಡ್ಡು ಒಂದೇ ಚೆಕ್‌ಪೋಸ್ಟಿನಲ್ಲಿ ಹೋಗುತ್ತದೆ.

ಫಿಲ್ಟರ್, ನಾಝಲ್, ಅಲೈನ್‌ಮೆಂಟ್ ಇಂಥ ರಿಪೇರಿ ಕೆಲಸಕ್ಕೆ ಯಾರ ಅನುಮತಿಯೂ ಬೇಡ. ಎಂಜಿನ್ ಬದಲಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ನಂಬರ್ ಹಾಕಿಸಿ. ಬಾಡಿಯ ಉದ್ದ, ಎತ್ತರ, ಆಕ್ಸಲ್ ಇವುಗಳ ವಿಷಯವಾದರೆ ಕೆಲಸಕ್ಕೆ ಮೊದಲೇ ಕೇಳಿ. ರೇಶಿಯೊ ಬದಲಿಸುವ ಮೊದಲೂ ಸರ್ವೀಸ್ ಸೆಂಟರ್ ಮತ್ತು ಆರ್‌ಟಿಒ ಇಬ್ಬರನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಸ್ಪೀಡ್ ಗವರ್ನರನ್ನು ಕೀಳಿಸಬೇಡಿ. ಲಾರಿಗೆ 80, ಟಿಪ್ಪರ್ ಟ್ಯಾಂಕರಿಗೆ 60 ಅಂತ ಅದು ಇರಲೇಬೇಕು, ಎಫ್‌ಸಿಯಲ್ಲೂ (ಗಾಡಿಯ ಫಿಟ್‌ನೆಸ್ ತಪಾಸಣೆ) ನೋಡುತ್ತಾರೆ.

ಗಾಡಿ ಮೇಲೆ ಸಾಲ ಇದ್ದರೆ ಮಾರ್ಪಾಡಿಗೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಬೇಕು. ಆಮೇಲೆ ಇನ್ಶೂರೆನ್ಸ್‌ನವರಿಗೂ ಒಂದು ಪತ್ರ ಕೊಟ್ಟು, ಸೀಲ್ ಹಾಕಿದ ನಕಲನ್ನು ಆರ್‌ಸಿ ಜೊತೆ ಕ್ಯಾಬಿನ್ನಿನಲ್ಲೇ ಇಟ್ಟುಕೊಳ್ಳಿ.